ರಿಪೋರ್ಟ್ ಬಂದ ಮೇಲಿನ ಮೂರು ತಿಂಗಳು

ರಕ್ತ ಪರೀಕ್ಷೆಯ ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಅಂಗಿ ಜೇಬಿಗೆ ತುರುಕಿದ ನಮ್ಮ ಸೋದರಮಾವ ಮೊದಲು ಹೋಗಿ ನಿಂತದ್ದು ಗೋನೆಗಂಡ್ಲದ ಬಸ್ ಸ್ಟ್ಯಾಂಡಿನ ಟೀ ಬಂಡಿಯ ಮುಂದೆ.

"ಎಷ್ಟು ಬಂತು ಮಾವಾ?" ಅಂದೆ.

"ಒಂಬತ್ತು ಪಾಯಿಂಟ್ ಎರಡಂತ. ಬಿಪಿನೂ ಐತಂತ. ಡಾಕ್ಟರು ಮಾರಿ ಸಣ್ಣದು ಮಾಡಿದ್ರಪ್ಪ," ಅಂದವರು ಟೀ ಕುಡಿದರು. ಕುಡಿದು, ಇನ್ನೊಂದು ಹೇಳಿದರು.

ನಗುವಂಥ ಮಾತಲ್ಲ ಇದು. ಹೆದರಿಕೆಯಾದಾಗ ಕೈ ತನ್ನಷ್ಟಕ್ಕೆ ಚಾಚುವುದು ಹಳೆಯ ರೂಢಿಯ ಕಡೆಗೇ. ಮಾವನಿಗೆ ಐವತ್ತೆರಡು. ಆದೋನಿಯ ಹತ್ತಿ ದಲಾಲಿ ಅಂಗಡಿಯಲ್ಲಿ ಲೆಕ್ಕ ಬರೆಯುವ ಕೆಲಸ, ದಿನವಿಡೀ ಗಾದಿಯ ಮೇಲೆ ಕೂತಿರುವುದು. ಬೆಳಿಗ್ಗೆ ಮಂಡಾಳು ಒಗ್ಗರಣೆ, ಮಧ್ಯಾಹ್ನ ಅನ್ನ, ದಿನಕ್ಕೆ ಆರು ಟೀ, ರಾತ್ರಿ ಒಂಬತ್ತೂವರೆಗೆ ಮತ್ತೆ ಅನ್ನ, ಉಂಡ ಕೈ ತೊಳೆದು ಹಾಸಿಗೆ. ಡಾಕ್ಟರು ತೆಲುಗಿನಲ್ಲಿ ಎರಡೇ ಮಾತು ಹೇಳಿದ್ದರು: "ಅನ್ನಂ ತಗ್ಗಿಂಚಂಡಿ, ರೋಜೂ ನಡವಂಡಿ." ಅನ್ನ ಕಡಿಮೆ ಮಾಡಿ, ದಿನಾ ನಡೆಯಿರಿ. ಎರಡೂ ಸರಿಯಾದ ಮಾತು. ಆದರೆ ಎಷ್ಟು ಕಡಿಮೆ, ಅದರ ಜಾಗಕ್ಕೆ ಏನು, ಎಲ್ಲಿ ನಡೆಯುವುದು, ಯಾವಾಗ? ಈ ಲೇಖನ ಆ ಉಳಿದ ಮಾತುಗಳ ಬಗ್ಗೆ.

ಮೊದಲು ಆ ಹಾಳೆ ಓದುವುದನ್ನು ಕಲಿಯಬೇಕು. ಎಚ್‌ಬಿಎ1ಸಿ ಅನ್ನುವ ಅಂಕಿ ಸುಮಾರು ಮೂರು ತಿಂಗಳ ಸಕ್ಕರೆಯ ಸರಾಸರಿ ಹೇಳುತ್ತದೆ, ಯಾಕೆಂದರೆ ರಕ್ತದ ಕೆಂಪು ಕಣ ಬದುಕುವುದು ಹೆಚ್ಚುಕಡಿಮೆ 120 ದಿನ. 5.7ಕ್ಕಿಂತ ಕೆಳಗಿದ್ದರೆ ಸರಿ, 5.7ರಿಂದ 6.4 ಅಂದರೆ ಹೊಸ್ತಿಲಲ್ಲಿ ನಿಂತಿದೆ, 6.5 ಮತ್ತು ಮೇಲೆ ಬಂದರೆ ಸಕ್ಕರೆ ಕಾಯಿಲೆ. ಖಾಲಿ ಹೊಟ್ಟೆಯ ಸಕ್ಕರೆ 126 ಮುಟ್ಟಿದರೂ ಅದೇ ಅರ್ಥ. ಬಹಳ ಜನರಿಗೆ ಡಾಕ್ಟರು ಇಡುವ ಗುರಿ 7ರ ಆಸುಪಾಸು. ವಯಸ್ಸಾದವರಿಗೆ ಕೊಂಚ ಸಡಿಲ. ರಕ್ತದೊತ್ತಡ 140/90 ದಾಟಿದರೆ ಬಿಪಿ ಅನ್ನುತ್ತಾರೆ. ಅದನ್ನು ಬಸ್ಸಿಳಿದು ಓಡಿ ಬಂದ ಕೂಡಲೇ ಅಳೆಸಿಕೊಳ್ಳಬಾರದು. ಐದು ನಿಮಿಷ ಸುಮ್ಮನೆ ಕೂತು, ಟೀ ಬೀಡಿ ಮುಟ್ಟದೆ ಅಳೆಸಿಕೊಂಡರೆ ಸರಿಯಾದ ಅಂಕಿ ಸಿಗುತ್ತದೆ. ಐಸಿಎಂಆರ್ 2023ರಲ್ಲಿ ಪ್ರಕಟಿಸಿದ ದೇಶವ್ಯಾಪಿ ಅಧ್ಯಯನದ ಪ್ರಕಾರ ಭಾರತದಲ್ಲಿ 10 ಕೋಟಿಗೂ ಹೆಚ್ಚು ಜನ ಸಕ್ಕರೆ ಕಾಯಿಲೆಯವರು, ಇನ್ನೂ 13 ಕೋಟಿಗೂ ಹೆಚ್ಚು ಜನ ಹೊಸ್ತಿಲಲ್ಲಿರುವವರು. ಮಾವ ಒಬ್ಬರೇ ಅಲ್ಲ ಅನ್ನುವುದು ಸಮಾಧಾನವೋ ಗಾಬರಿಯೋ, ನೀವೇ ಹೇಳಿ.

ಪಥ್ಯ ಎಂಬ ತೊಡಕು

ಮನೆಗೆ ಬಂದ ಮೇಲೆ ಅತ್ತೆ ಘೋಷಿಸಿದಳು: "ಇವತ್ತಿಂದ ಪಥ್ಯ." ಅನ್ನ ಬಂದ್, ಹಣ್ಣು ಬಂದ್, ಬೆಳಿಗ್ಗೆ ಹಾಗಲಕಾಯಿ ರಸ, ಪಕ್ಕದ ಓಣಿಯವರು ಹೇಳಿದ ಯಾವುದೋ ಎಲೆ. ಮಾವ ಹತ್ತೊಂಬತ್ತು ದಿನ ಶ್ರದ್ಧೆಯಿಂದ ಪಾಲಿಸಿದರು. ಇಪ್ಪತ್ತನೇ ದಿನ ಎಮ್ಮಿಗನೂರಿನ ಮದುವೆಯಲ್ಲಿ ಎಲೆ ಮುಂದೆ ಕೂತವರು ಮತ್ತೆ ಪಥ್ಯದ ಮಾತೆತ್ತಲಿಲ್ಲ.

ನನ್ನ ಲೆಕ್ಕದಲ್ಲಿ ತಪ್ಪು ಮಾವನದಲ್ಲ, ಆ ಪದದ್ದು. ನಮ್ಮಲ್ಲಿ ಪಥ್ಯ ಅಂದರೆ ಕೊನೆಯಿರುವ ವ್ರತ. ಕಾಮಾಲೆಗೆ ನಾಟಿ ಔಷಧಿ ಕುಡಿದು ಇಷ್ಟು ದಿನ ಎಣ್ಣೆ ಬಿಡುವುದು, ಬಾಣಂತಿ ಇಷ್ಟು ತಿಂಗಳು ತಣ್ಣೀರು ಮುಟ್ಟದಿರುವುದು, ಶ್ರಾವಣ ಮುಗಿಯುವವರೆಗೆ ಮಾಂಸ ಬಿಡುವುದು. ಗಡುವು ಮುಗಿದ ದಿನ ಎಲ್ಲ ಮೊದಲಿನಂತೆ. ಶುಗರ್, ಬಿಪಿಗಳಿಗೆ ಗಡುವಿಲ್ಲ. ಪಥ್ಯವಾಗಿ ಶುರುವಾದದ್ದು ಮುರಿದೇ ಮುರಿಯುತ್ತದೆ, ಮುರಿದಾಗ ಮನುಷ್ಯ "ನನ್ನ ಕೈಲಾಗಲ್ಲ" ಅಂತ ಪೂರ್ತಿ ಕೈಬಿಡುತ್ತಾನೆ. ಬೇಕಾದದ್ದು ರೂಢಿ. ರೂಢಿ ಬೀಳಲು ಟೈಮು ಹಿಡಿಯುತ್ತದೆ. ಲಂಡನ್ನಿನಲ್ಲಿ ನಡೆದು 2010ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಹೊಸದೊಂದು ಸಣ್ಣ ಕೆಲಸ ತಾನಾಗೇ ಆಗುವಂತಾಗಲು ಜನರಿಗೆ ಬೇಕಾದದ್ದು ಸರಾಸರಿ 66 ದಿನ. ಕೆಲವರಿಗೆ 18 ದಿನ ಸಾಕಾದರೆ ಕೆಲವರಿಗೆ 254 ದಿನ. ನಡುವೆ ಒಂದು ದಿನ ತಪ್ಪಿದರೂ ಕೆಲಸ ಕೆಡಲಿಲ್ಲ ಅನ್ನುವುದು ಅದೇ ಅಧ್ಯಯನದ ಇನ್ನೊಂದು ಮಾತು. ಮದುವೆ ಊಟದ ಮರುದಿನ ಮಾವನಿಗೆ ಈ ಮಾತು ಹೇಳಿದ್ದೆ. "ಹಂಗಾದ್ರ ಇವತ್ತಿಂದ ಮತ್ತ ಶುರು ಮಾಡಬೌದೇನು?" ಅಂದರು.

ಮಾಡಬಹುದು, ಆದರೆ ಎಲ್ಲವನ್ನೂ ಒಟ್ಟಿಗೆ ಬೇಡ. ಎರಡೇ ಆರಿಸಿಕೊಳ್ಳಿ. ಸಕ್ಕರೆ ಹೆಚ್ಚು ಒಳಹೋಗುವ ಜಾಗ ಒಂದು, ಮೈ ಅಲುಗದೆ ಕೂರುವ ಹೊತ್ತು ಒಂದು. ಮಾವನ ವಿಷಯದಲ್ಲಿ ಅವು ಟೀ ಬಂಡಿ ಮತ್ತು ರಾತ್ರಿ ಉಂಡ ಮೇಲಿನ ಹೊತ್ತು.

ಟೀ ಲೆಕ್ಕ ಮಾಡಿ ನೋಡಿ. ಬಂಡಿಯ ಗ್ಲಾಸು ಸಣ್ಣದು, ಆದರೆ ಒಂದೂವರೆ ಚಮಚ ಸಕ್ಕರೆ ಬಿದ್ದೇ ಇರುತ್ತದೆ. ಆರು ಟೀ ಅಂದರೆ ಒಂಬತ್ತು ಚಮಚ, ಚಮಚಕ್ಕೆ ಐದು ಗ್ರಾಂ ಹಿಡಿದರೆ ದಿನಕ್ಕೆ 45 ಗ್ರಾಂ, ತಿಂಗಳಿಗೆ ಒಂದೂಕಾಲು ಕೆಜಿ ಮೇಲೆ. ಆರೋಗ್ಯವಾಗಿರುವವರಿಗೇ ದಿನಕ್ಕೆ 25 ಗ್ರಾಂ ಒಳಗಿದ್ದರೆ ಒಳ್ಳೆಯದು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಬೆಲ್ಲದ ಟೀ ಕುಡಿದರೆ ನಡೆಯುತ್ತದೆ ಅನ್ನುವುದು ಸುಳ್ಳು. ರಕ್ತಕ್ಕೆ ಬೆಲ್ಲವೂ ಸಕ್ಕರೆಯೇ. ಆದರೆ ಬಂಡಿಯಲ್ಲಿ ಸಕ್ಕರೆ ಮೊದಲೇ ಬೆರೆತಿರುತ್ತದಲ್ಲ? ನಾವು ಬಂಡಿಯವನ ಹತ್ತಿರವೇ ಮಾತಾಡಿದೆವು. ಸಕ್ಕರೆ ಹಾಕುವ ಮುಂಚೆ ಒಂದು ಗ್ಲಾಸು ತೆಗೆದಿಡು ಅಂತ. "ನಿಮ್ಮಂಥೋರು ಇನ್ನಾ ಎಂಟು ಮಂದಿ ಅದಾರ್ರಿ," ಅಂದ ಅವನು. ಈಗ ಎರಡು ಫ್ಲಾಸ್ಕ್ ಇಟ್ಟಿದ್ದಾನೆ. ಮೊದಲ ವಾರ ಮಾವ ಕಷಾಯ ಕುಡಿದ ಮುಖ ಮಾಡಿದರು. ಎರಡು ತಿಂಗಳಾದ ಮೇಲೆ ಒಂದು ದಿನ "ಮಾಮೂಲೇನ್ರೀ?" ಅಂತ ಅವನು ಕೇಳಿ, "ಹ್ಞೂಂ, ಮಾಮೂಲೇ" ಅಂತ ಇವರು ಹೇಳಿದಾಗ ಕೈಗೆ ಬಂದದ್ದು ಸಕ್ಕರೆ ಇಲ್ಲದ ಗ್ಲಾಸು.

ಮಂಡಾಳಿನ ಪರೀಕ್ಷೆ

ಈ ಭಾಗದ ಬೆಳಗಿನ ತಿಂಡಿಯ ಬಗ್ಗೆ ಬರೆಯುವುದಕ್ಕೆ ಸ್ವಲ್ಪ ಧೈರ್ಯ ಬೇಕು. ಬಳ್ಳಾರಿಯಿಂದ ಕರ್ನೂಲಿನವರೆಗೆ ಮಂಡಾಳು ಒಗ್ಗರಣೆ, ತೆಲುಗಿನವರ ಬಾಯಲ್ಲಿ ಉಗ್ಗಾನಿ, ಪಕ್ಕದಲ್ಲಿ ಮಿರ್ಚಿ ಬಜ್ಜಿ. ಮಂಡಾಳನ್ನು ನೀರಲ್ಲಿ ಅದ್ದಿ ಹಿಂಡಿ, ಉಳ್ಳಾಗಡ್ಡಿ, ಹಸಿಮೆಣಸಿನಕಾಯಿ, ಅರಿಸಿನದ ಒಗ್ಗರಣೆ ಹಾಕಿ, ಮೇಲೆ ಪುಟಾಣಿ ಪುಡಿ ಉದುರಿಸಿ, ನಿಂಬೆಹಣ್ಣು ಹಿಂಡಿದರೆ ಅದಕ್ಕೆ ಸಮ ಇನ್ನೊಂದಿಲ್ಲ. ಹಗುರವಾಗಿರುವುದರಿಂದ "ಇದರಾಗ ಏನೈತಿ, ಬರೀ ಗಾಳಿ" ಅನ್ನುತ್ತಾರೆ. ಗಾಳಿಯಲ್ಲ. ಅಕ್ಕಿಯನ್ನು ಕಾಯಿಸಿ ಅರಳಿಸಿದಾಗ ಅದರ ಪಿಷ್ಟ ಅರ್ಧ ಜೀರ್ಣವಾದಂತೆಯೇ; ಹೊಟ್ಟೆಗೆ ಬಿದ್ದ ಕೂಡಲೇ ಸಕ್ಕರೆಯಾಗಿ ರಕ್ತಕ್ಕೆ ನುಗ್ಗುತ್ತದೆ.

ಮಾವ ಒಪ್ಪಲಿಲ್ಲ. ಸರಿ, ಗ್ಲುಕೋಮೀಟರ್ ತಂದೆವು. ಒಂದು ದಿನ ಮಂಡಾಳು, ಬಜ್ಜಿ ತಿಂದು, ಮೊದಲ ತುತ್ತಿನಿಂದ ಎರಡು ಗಂಟೆ ಎಣಿಸಿ ಬೆರಳು ಚುಚ್ಚಿದರೆ 268. ಮರುದಿನ ಅದೇ ಹೊತ್ತಿಗೆ ಎರಡು ಜೋಳದ ರೊಟ್ಟಿ, ಪುಂಡಿ ಪಲ್ಯ, ಒಂದು ಬೇಯಿಸಿದ ಮೊಟ್ಟೆ: 181. ಊಟವಾಗಿ ಎರಡು ಗಂಟೆಗೆ 180ರ ಒಳಗಿರಬೇಕು ಅನ್ನುವುದು ಸಾಮಾನ್ಯ ಗುರಿ. ಆ ಎರಡು ಅಂಕಿಯನ್ನು ಅತ್ತೆ ಅಡುಗೆಮನೆಯ ಗೋಡೆಯ ಕ್ಯಾಲೆಂಡರಿನ ಮೇಲೆ ಬರೆದಳು. ಡಾಕ್ಟರ ಮಾತಿಗೂ ನನ್ನ ಉಪನ್ಯಾಸಕ್ಕೂ ಬಗ್ಗದ ಮಾವ ಆ ಕ್ಯಾಲೆಂಡರಿಗೆ ಬಗ್ಗಿದರು. ಮೀಟರು ಕೊಂಡವರು ದಿನಾ ಬೆಳಿಗ್ಗೆ ಖಾಲಿ ಹೊಟ್ಟೆಯ ಅಂಕಿ ನೋಡಿ ನಿಟ್ಟುಸಿರು ಬಿಡುವುದಕ್ಕಿಂತ ಹೀಗೆ ಒಂದೊಂದು ಊಟವನ್ನು ಪರೀಕ್ಷೆಗೆ ಕೂರಿಸುವುದು ಮೇಲು. ನಿಮ್ಮ ಮೈಗೆ ಯಾವುದು ಒಗ್ಗುತ್ತದೆ ಅನ್ನುವುದು ನಿಮಗೇ ಗೊತ್ತಾಗುತ್ತದೆ. ಮಂಡಾಳು ಪೂರ್ತಿ ಬಿಡಬೇಕಿಲ್ಲ. ಭಾನುವಾರ ಅರ್ಧ ಪ್ಲೇಟು, ಜೊತೆಗೆ ಬಜ್ಜಿಯ ಬದಲು ಹುರಿದ ಶೇಂಗಾ, ಹಸಿ ಸೌತೆಕಾಯಿ. ಬಜ್ಜಿಯ ಬಾಣಲೆಯ ಎಣ್ಣೆ ಎಷ್ಟು ಸಲ ಕಾದದ್ದೋ ಆ ಬಾಣಲೆಗೇ ಗೊತ್ತು.

ಇನ್ನೊಂದು ಭ್ರಮೆ ಒಡೆಯಬೇಕು. ಅನ್ನ ಬಿಟ್ಟು ರೊಟ್ಟಿ, ಮುದ್ದೆಗೆ ಬಂದರೆ ಎಷ್ಟಾದರೂ ತಿನ್ನಬಹುದು ಅಂತ ಬಹಳ ಜನ ನಂಬಿದ್ದಾರೆ. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯ 2017ರ ಆಹಾರ ಕೋಷ್ಟಕ ನೋಡಿದರೆ, ನೂರು ಗ್ರಾಂ ಅಕ್ಕಿಯಲ್ಲಿ ಪಿಷ್ಟಾಂಶ ಸುಮಾರು 78 ಗ್ರಾಂ, ಜೋಳದಲ್ಲಿ 68, ರಾಗಿಯಲ್ಲಿ 67. ಅಂಥ ದೊಡ್ಡ ಅಂತರವೇನಿಲ್ಲ. ಅಂತರವಿರುವುದು ನಾರಿನಲ್ಲಿ: ಅಕ್ಕಿಗೆ 3 ಗ್ರಾಮಿನ ಒಳಗೆ, ಜೋಳಕ್ಕೆ 10, ರಾಗಿಗೆ 11. ನಾರು ಸಕ್ಕರೆಯ ಓಟಕ್ಕೆ ಕಡಿವಾಣ ಹಾಕುತ್ತದೆ, ಹೊಟ್ಟೆ ಬೇಗ ತುಂಬಿಸುತ್ತದೆ. ಆದರೆ ತೆಂಗಿನಕಾಯಿ ಗಾತ್ರದ ಸಂಗಟಿ ಮುದ್ದೆ ನುಂಗಿದರೆ ಕಡಿವಾಣ ಹರಿಯುತ್ತದೆ. ಆದ್ದರಿಂದ ತಟ್ಟೆಯನ್ನು ಕಣ್ಣಳತೆಯಲ್ಲೇ ಭಾಗ ಮಾಡಿ. ಅರ್ಧ ತಟ್ಟೆ ಪಲ್ಯ ಮತ್ತು ಹಸಿ ತರಕಾರಿ, ಕಾಲು ತಟ್ಟೆ ಬೇಳೆ, ಕಾಳು, ಮೊಟ್ಟೆ ಅಥವಾ ಕೋಳಿ, ಉಳಿದ ಕಾಲು ತಟ್ಟೆಯಲ್ಲಷ್ಟೇ ಅನ್ನವೋ ರೊಟ್ಟಿಯೋ. ಮೊದಲು ಪಲ್ಯ, ಕಾಳು ತಿಂದು ಆಮೇಲೆ ಅನ್ನಕ್ಕೆ ಕೈ ಹಾಕಿದರೆ ಸಕ್ಕರೆ ಏರುವ ವೇಗ ಇನ್ನೂ ಇಳಿಯುತ್ತದೆ. ಪುಂಡಿ, ಮೆಂತ್ಯೆ, ರಾಜಗಿರಿ, ಹೀರೇಕಾಯಿ, ಚವಳಿಕಾಯಿ ಎಲ್ಲ ಇಲ್ಲೇ ಬೆಳೆಯುವಂಥವು. ಓಟ್ಸ್ ಕೊಳ್ಳಲು ಪೇಟೆಗೆ ಓಡಬೇಕಿಲ್ಲ.

ಬಿಪಿ ಇದ್ದವರು ಉಪ್ಪಿನ ಡಬ್ಬಿಗಿಂತ ಮೊದಲು ಉಪ್ಪಿನಕಾಯಿ ಜಾಡಿ, ಹಪ್ಪಳ, ಬಾಳಕದ ಮೆಣಸಿನಕಾಯಿ ನೋಡಿಕೊಳ್ಳಿ. ದಿನಕ್ಕೆ ಒಟ್ಟು ಉಪ್ಪು ಒಂದು ಚಮಚ, ಅಂದರೆ 5 ಗ್ರಾಂ ಒಳಗಿರಬೇಕು. ನಮ್ಮ ಮನೆಯಲ್ಲಿ ಊಟಕ್ಕೆ ಕೂರುವ ಜಾಗದಿಂದ ಉಪ್ಪಿನಕಾಯಿ ಜಾಡಿ ಎತ್ತಿ ಅಟ್ಟದ ಮೇಲಿಟ್ಟದ್ದೇ ಅರ್ಧ ಕೆಲಸ ಮಾಡಿತು. ಕೈಗೆಟುಕದ್ದನ್ನು ಎದ್ದು ಹೋಗಿ ತರುವಷ್ಟು ಆಸೆ ಯಾರಿಗೂ ಇರಲಿಲ್ಲ.

ಉಂಡ ಮೇಲೆ ಹತ್ತು ನಿಮಿಷ

"ಹೊಲದಾಗ ದುಡಿಯೋ ಮಂದಿಗೆ ವಾಕಿಂಗ್ ಯಾಕ ಬೇಕಪ್ಪ?" ಅಂತ ಕೇಳುವವರಿದ್ದಾರೆ. ಹತ್ತಿ ಬಿಡಿಸುವ ಕಾಲದಲ್ಲಿ ದಿನಾ ಹೊಲದಲ್ಲಿ ಬಗ್ಗಿ ಏಳುವ ಹೆಣ್ಣುಮಗಳಿಗೆ ಖಂಡಿತ ಬೇಡ. ಆದರೆ ಬೇಸಿಗೆಯಲ್ಲಿ ಮೂರು ತಿಂಗಳು ಕೆಲಸವಿಲ್ಲದೆ ಕಟ್ಟೆಯ ಮೇಲೆ ಕೂರುವವರಿಗೆ, ಅಂಗಡಿಯವರಿಗೆ, ಡ್ರೈವರುಗಳಿಗೆ, ಮೇಷ್ಟ್ರುಗಳಿಗೆ ಬೇಕು. ಬೆಳಿಗ್ಗೆ ಐದಕ್ಕೆದ್ದು ಗಾಜುಲದಿನ್ನೆ ಜಲಾಶಯದ ಕಡೆ ಒಂದು ಗಂಟೆ ನಡೆದು ಬರುವ ಸಂಕಲ್ಪ ಬಹಳ ಚೆನ್ನ. ಎರಡು ವಾರ ನಡೆಯುತ್ತದೆ. ಅದಕ್ಕಿಂತ ಗಟ್ಟಿಯಾದದ್ದು ಪ್ರತಿ ಊಟದ ನಂತರ ಹತ್ತು ನಿಮಿಷ. ನ್ಯೂಜಿಲೆಂಡಿನ ಒಂದು ಅಧ್ಯಯನದಲ್ಲಿ, ದಿನಕ್ಕೊಮ್ಮೆ ಅರ್ಧ ಗಂಟೆ ನಡೆದದ್ದಕ್ಕಿಂತ ಮೂರು ಊಟದ ನಂತರ ಹತ್ತತ್ತು ನಿಮಿಷ ನಡೆದಾಗ ಊಟದ ಮೇಲಿನ ಸಕ್ಕರೆ ಚೆನ್ನಾಗಿ ಇಳಿಯಿತು, ರಾತ್ರಿ ಊಟದ ನಂತರವಂತೂ ಹೆಚ್ಚು. ಕಾಲಿನ ಸ್ನಾಯು ಓಡಾಡುವಾಗ ರಕ್ತದ ಸಕ್ಕರೆಯನ್ನು ತಾನೇ ಎಳೆದುಕೊಳ್ಳುತ್ತದೆ, ಅಷ್ಟೇ ಮರ್ಮ. ಇದಕ್ಕೆ ಬೂಟು ಬೇಡ, ಮೈದಾನ ಬೇಡ. ಹೊರಗೆ ಹೋಗಲು ಸಂಕೋಚಪಡುವ ಹೆಂಗಸರು ಅಂಗಳದಲ್ಲೇ, ಮಾಳಿಗೆಯ ಮೇಲೇ ತಿರುಗಬಹುದು. ಮಾವ ರಾತ್ರಿ ಉಂಡು ಆಂಜನೇಯನ ಗುಡಿಯವರೆಗೆ ಹೋಗಿ ಬರುತ್ತಾರೆ. ಜೊತೆಗೆ ಪಕ್ಕದ ಮನೆಯ ಖಾದರ್ ಚಾಚಾ ಇರುವುದರಿಂದ ತಪ್ಪಿಸುವಂತಿಲ್ಲ. ಬಾಗಿಲಿಗೆ ಬಂದು ಕೂಗುತ್ತಾರೆ.

ಹೊಸ್ತಿಲಲ್ಲಿರುವವರಿಗೆ ಈ ಸಣ್ಣ ಬದಲಾವಣೆಗಳಿಂದಲೇ ದೊಡ್ಡ ಲಾಭ. 2002ರಲ್ಲಿ ಬಂದ ಅಮೆರಿಕದ ಪ್ರಯೋಗದಲ್ಲಿ ಊಟ, ನಡಿಗೆ ಸರಿಪಡಿಸಿಕೊಂಡವರಲ್ಲಿ ಕಾಯಿಲೆ ಬರುವ ಸಂಭವ ಶೇ. 58ರಷ್ಟು ಇಳಿದಿತ್ತು, ಗುಳಿಗೆ ನುಂಗಿದವರಲ್ಲಿ ಶೇ. 31ರಷ್ಟು. ಭಾರತೀಯರ ಮೇಲೆ ನಡೆದು 2006ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಇಳಿಕೆ ಅಷ್ಟಿರಲಿಲ್ಲ, ಶೇ. 28ರ ಆಸುಪಾಸು, ಆದರೂ ಗುಳಿಗೆಗಿಂತ ಕಡಿಮೆಯೇನಲ್ಲ.

ಬೀಡಿ, ಗುಟ್ಕಾ, ಖೈನಿ ಇದ್ದವರು ಅದನ್ನೇ ಮೊದಲ ಕೆಲಸ ಮಾಡಿಕೊಳ್ಳಿ. ಸಕ್ಕರೆಯ ಜೊತೆ ತಂಬಾಕು ಸೇರಿದರೆ ಹೃದಯ, ಕಾಲಿನ ರಕ್ತನಾಳ ಎರಡಕ್ಕೂ ಏಟು. ಮೊದಲ ವಾರ ಕಷ್ಟ: ಸಿಟ್ಟು, ತಲೆನೋವು, ನಿದ್ದೆ ಬಾರದಿರುವುದು. ಎರಡರಿಂದ ನಾಲ್ಕು ವಾರಕ್ಕೆ ಇಳಿಯುತ್ತದೆ. ಸೇದಬೇಕು ಅನ್ನಿಸುವ ಗಳಿಗೆ ಕೆಲವೇ ನಿಮಿಷದ್ದು. ಆ ನಿಮಿಷಗಳಲ್ಲಿ ಬಾಯಿಗೆ ಸೋಂಪು, ಲವಂಗ ಹಾಕಿಕೊಂಡು ಜಾಗ ಬದಲಿಸಿ. 1800-11-2356 ತಂಬಾಕು ಬಿಡಲು ನೆರವಾಗುವ ರಾಷ್ಟ್ರೀಯ ಉಚಿತ ಫೋನು.

ಗುಳಿಗೆಯ ವಿಷಯ

ಊಟ ಸರಿಯಾದ ಮೇಲೆ ಗುಳಿಗೆ ಯಾಕೆ ಅಂತ ತಾವೇ ನಿಲ್ಲಿಸುವವರು ನಮ್ಮಲ್ಲಿ ಬಹಳ. ಅಂಕಿ ಇಳಿದದ್ದು ಗುಳಿಗೆಯೂ ಸೇರಿ. ಕಡಿಮೆ ಮಾಡುವುದನ್ನು, ನಿಲ್ಲಿಸುವುದನ್ನು ಡಾಕ್ಟರೇ ಹೇಳಬೇಕು. ಇದರ ತದ್ವಿರುದ್ಧ ಅಪಾಯವೂ ಇದೆ. ಗ್ಲಿಮಿಪಿರೈಡ್‌ನಂಥ ಗುಳಿಗೆ ಅಥವಾ ಇನ್ಸುಲಿನ್ ತೆಗೆದುಕೊಂಡು, ಹುರುಪಿನಲ್ಲಿ ಊಟ ಬಿಟ್ಟರೆ ಸಕ್ಕರೆ 70ಕ್ಕಿಂತ ಕೆಳಗೆ ಬೀಳಬಹುದು. ಬೆವರು, ಕೈ ನಡುಕ, ಎದೆ ಢವಢವ, ತಲೆ ಮಂಕು ಬಂದರೆ ತಕ್ಷಣ ಮೂರು ಚಮಚ ಸಕ್ಕರೆಯನ್ನು ನೀರಲ್ಲಿ ಕಲಸಿ ಕುಡಿಯಿರಿ, ಹದಿನೈದು ನಿಮಿಷ ಬಿಟ್ಟು ಮತ್ತೆ ನೋಡಿ, ಸರಿಹೋಗದಿದ್ದರೆ ಇನ್ನೊಮ್ಮೆ ಕುಡಿಯಿರಿ. ಎಚ್ಚರ ತಪ್ಪಿದವರ ಬಾಯಿಗೆ ಏನೂ ಹಾಕಬಾರದು, ಆಸ್ಪತ್ರೆಗೆ ಒಯ್ಯಬೇಕು. ಏಕಾದಶಿ ಉಪವಾಸವಿರಲಿ, ರಂಜಾನಿನ ರೋಜಾ ಇರಲಿ, ವಾರಗಳ ಮುಂಚೆಯೇ ಡಾಕ್ಟರಿಗೆ ಹೇಳಿ ಗುಳಿಗೆಯ ಹೊತ್ತು ಬದಲಿಸಿಕೊಳ್ಳುವುದು ಒಳ್ಳೆಯದು.

ಗಡಿಯಲ್ಲಿರುವ ನಮಗೆ ಇನ್ನೊಂದು ಪೇಚು. ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು 1953ರ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆಯಿಂದ ಬೇರೆಯಾಗಿ ಆಂಧ್ರಕ್ಕೆ ಸೇರಿದರೂ, ಕಾಯಿಲೆ ದೊಡ್ಡದೆನಿಸಿದರೆ ಈಗಲೂ ಬಳ್ಳಾರಿ ಬಸ್ಸು ಹತ್ತುವವರಿದ್ದಾರೆ. ಕರ್ನೂಲಿನಲ್ಲಿ ಒಂದು ಚೀಟಿ, ಬಳ್ಳಾರಿಯಲ್ಲಿ ಒಂದು ಚೀಟಿ. ಎರಡರಲ್ಲೂ ಕಂಪನಿ ಹೆಸರು ಬೇರೆ, ಒಳಗಿನ ಮದ್ದು ಮಾತ್ರ ಒಂದೇ ಮೆಟ್‌ಫಾರ್ಮಿನ್. ನಮ್ಮ ಸಂಬಂಧಿಕರೊಬ್ಬರು ಎರಡನ್ನೂ ನುಂಗಿ ತಿಂಗಳುಗಟ್ಟಲೆ ಹೊಟ್ಟೆ ಕೆಡಿಸಿಕೊಂಡಿದ್ದರು. ಎಲ್ಲಿಗೆ ಹೋದರೂ ಮನೆಯಲ್ಲಿರುವ ಅಷ್ಟೂ ಗುಳಿಗೆಯ ಪಟ್ಟಿಗಳನ್ನು ಒಂದು ಚೀಲದಲ್ಲಿ ಹಾಕಿಕೊಂಡೇ ಹೋಗಿ.

ಮೂವತ್ತು ದಾಟಿದವರಿಗೆ ಬಿಪಿ, ಶುಗರ್, ಬಾಯಿಯ ಕ್ಯಾನ್ಸರ್ ತಪಾಸಣೆ ಸರ್ಕಾರಿ ಕೇಂದ್ರಗಳಲ್ಲಿ ಉಚಿತ. ಊರಿನ ಹೆಲ್ತ್ ಕ್ಲಿನಿಕ್ಕಿನಲ್ಲೋ, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೋ, ಆಶಾ ಅಕ್ಕನ ಹತ್ತಿರವೋ ಕೇಳಿ. ವರ್ಷಕ್ಕೊಮ್ಮೆ ಕಣ್ಣಿನ ಒಳಪದರ, ಮೂತ್ರದ ಅಲ್ಬುಮಿನ್, ಕ್ರಿಯಾಟಿನಿನ್ ನೋಡಿಸಲೇಬೇಕು. ಕಣ್ಣು, ಮೂತ್ರಪಿಂಡ ಹಾಳಾಗುವುದು ನೋವಿಲ್ಲದೆ. ಪಾದ ಮಾತ್ರ ದಿನಾ ರಾತ್ರಿ ನೀವೇ ನೋಡಿಕೊಳ್ಳಬೇಕು. ಎರೆ ಹೊಲದಲ್ಲಿ ಹತ್ತಿಕಟ್ಟಿಗೆಯ ಮೊನೆ, ಜಾಲಿ ಮುಳ್ಳು ಚುಚ್ಚಿದ್ದು ಜೋಮು ಹಿಡಿದ ಕಾಲಿಗೆ ಗೊತ್ತಾಗುವುದಿಲ್ಲ. ಚಪ್ಪಲಿ ಇಲ್ಲದೆ ಹೊಲಕ್ಕಿಳಿಯಬೇಡಿ, ಮಂತ್ರಾಲಯಕ್ಕೆ ಬರಿಗಾಲಲ್ಲಿ ನಡೆಯುವ ಹರಕೆ ಹೊರಬೇಡಿ. ರಾಯರು ತಿಳಿದುಕೊಳ್ಳುತ್ತಾರೆ.

ಸುಗ್ಗಿಗೆ ಹೋಗುವವರಿಗೆ ಬೇರೆಯದೇ ಲೆಕ್ಕ. ಈ ಕಡೆ ಸುಗ್ಗಿಗೆ ಹೋದರು ಅಂದರೆ ಮನೆಗೆ ಬೀಗ ಹಾಕಿ ಗುಂಟೂರು ಸೀಮೆಗೆ ಮೆಣಸಿನಕಾಯಿ ಬಿಡಿಸಲು ಹೋದರು ಅಂತ. ಅಲ್ಲಿ ಹೊಲದ ಬದಿಯ ಗುಡಿಸಲಲ್ಲಿ ಮೂರು ಹೊತ್ತೂ ಅನ್ನ, ಖಾರ, ಗುಳಿಗೆ ಖಾಲಿ. ಹೊರಡುವ ಮುಂಚೆ ಎರಡು ತಿಂಗಳ ಗುಳಿಗೆ ಕೇಳಿ ಪಡೆಯಿರಿ, ಚೀಟಿಯ ಫೋಟೋ ಮೊಬೈಲಿನಲ್ಲಿರಲಿ, ಗಂಟಿನಲ್ಲಿ ಐದು ಕೆಜಿ ಜೋಳದ ಹಿಟ್ಟು, ಹುರಿದ ಕಡಲೆ ಇರಲಿ. ಇನ್ಸುಲಿನ್ ಇದ್ದವರು ಮಡಕೆಯೊಳಗೆ ಮಡಕೆ ಇಟ್ಟು, ನಡುವೆ ಮರಳು ತುಂಬಿ, ಮರಳನ್ನು ಒದ್ದೆಯಾಗಿಟ್ಟು, ಒಳಮಡಕೆಯಲ್ಲಿ ಬಾಟಲಿ ಇಟ್ಟರೆ ತಂಪು ಸಾಕಷ್ಟು ಉಳಿಯುತ್ತದೆ. ಬಳಕೆಗೆ ತೆಗೆದ ಬಾಟಲಿಯ ಆಯುಷ್ಯ ಸಾಮಾನ್ಯವಾಗಿ 28 ದಿನ.

ಮೂರು ತಿಂಗಳಿಗೆ ಮಾವನ ಎರಡನೇ ಹಾಳೆ ಬಂತು: 7.4. ಡಾಕ್ಟರು ಗುಳಿಗೆ ಬಿಡಿಸಲಿಲ್ಲ, ಆದರೆ ಈ ಸಲ ಮಾರಿ ಸಣ್ಣದು ಮಾಡಲಿಲ್ಲ. ಮುಂದಿನ ಪರೀಕ್ಷೆ ಮಾರ್ಚಿನಲ್ಲಿ ಅಂದರು. ಮನೆಗೆ ಬಂದು ಮಾವ ಕ್ಯಾಲೆಂಡರಿನ ಮುಂದೆ ನಿಂತು ಬಹಳ ಹೊತ್ತು ಹಾಳೆ ತಿರುವಿದರು. ಹೋಳಿಗೆಯ ಲೆಕ್ಕ ಹಾಕುತ್ತಿದ್ದರು ಅನ್ನಿಸುತ್ತದೆ.

"ಯುಗಾದಿ ಮುಗಿದ ಮ್ಯಾಲೆ ಹೋಗೋಣು," ಅಂದರು.

"ಯುಗಾದಿಗಿಂತ ಮೊದ್ಲು," ಅಂದಳು ಅತ್ತೆ, ಒಳಗಿನಿಂದಲೇ.